ಚೀನೀ ವೈದ್ಯರು "ಗುಲ್ಮ ದುರ್ಬಲವಾಗಿದೆ" ಎಂದರೆ ಏನರ್ಥ? ಮೊಸರನ್ನ ಬಿಡಬೇಕೇ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಸಿಂಗಪುರದಲ್ಲಿ ಕೆಲಸ, ಊಟವಾದ ಮೇಲೆ ಹೊಟ್ಟೆಯುಬ್ಬರ, ಮೈಭಾರ, ಮಧ್ಯಾಹ್ನ ಕಣ್ಣೆಳೆಯುವ ಜೋಂಪು. ಸ್ಕ್ಯಾನಿಂಗ್, ರಕ್ತಪರೀಕ್ಷೆ ಎರಡೂ ಸರಿಯಾಗಿವೆ. ಸಹೋದ್ಯೋಗಿಯೊಬ್ಬರು ಕರೆದುಕೊಂಡು ಹೋದ ಚೀನೀ ಸಾಂಪ್ರದಾಯಿಕ ವೈದ್ಯರು ನಾಲಿಗೆ ನೋಡಿ, ಎರಡೂ ಕೈಗಳ ನಾಡಿ ಹಿಡಿದು, "ಗುಲ್ಮ ದುರ್ಬಲವಾಗಿದೆ, ಒಳಗೆ ತೇವ ತುಂಬಿದೆ. ತಣ್ಣೀರು, ಹಸಿ ತರಕಾರಿ, ಮೊಸರು ಬಿಡಿ" ಎಂದಿದ್ದಾರೆ. ಗುಲ್ಮಕ್ಕೂ ಜೀರ್ಣಕ್ಕೂ ಏನು ಸಂಬಂಧ, ಮೊಸರನ್ನವನ್ನು ನಿಜವಾಗಿಯೂ ಬಿಡಬೇಕೇ ಎಂದು ಕೇಳಿದ್ದೀರಿ.

ನಾನು ವೈದ್ಯನಲ್ಲ. ತೀರ್ಥಹಳ್ಳಿಯ ಕಡೆಯವನು, ಸಸ್ಯಾಹಾರಿ. ರಫ್ತು ಕಚೇರಿಯ ಕೆಲಸಕ್ಕೆಂದು ಹೋಗಿ ದಕ್ಷಿಣ ಚೀನಾದ ಗ್ವಾಂಗ್‌ಝೌ ನಗರದಲ್ಲಿ ಎಂಟು ವರ್ಷ ಇದ್ದೆ. ಹೋದ ಎರಡನೆಯ ವರ್ಷ ನಿಮಗೆ ಹೇಳಿದ ಮಾತನ್ನೇ ಅಲ್ಲಿ ನನಗೂ ಹೇಳಿದ್ದರು. ಅಂದಿನಿಂದ ಇದರ ಬಗ್ಗೆ ಓದುತ್ತ, ಕೇಳುತ್ತ, ಅಡುಗೆಮನೆಯಲ್ಲಿ ಮಾಡಿ ನೋಡುತ್ತ ಬಂದಿದ್ದೇನೆ. ಆ ಅನುಭವದ ಮೇಲೆ ಬರೆಯುತ್ತಿದ್ದೇನೆ.

ಮೊದಲು ಗುಲ್ಮದ ಗೊಂದಲ. ನಮ್ಮ ಶಾಲೆಯ ಪುಸ್ತಕದಲ್ಲಿರುವ ಗುಲ್ಮ, ಅಂದರೆ ಪ್ಲೀಹ, ಎಡಪಕ್ಕೆಯ ಕೆಳಗೆ ಕುಳಿತು ಹಳೆಯ ರಕ್ತಕಣಗಳನ್ನು ಸೋಸುವ ಅಂಗ. ಅನ್ನ ಅರಗಿಸುವುದರಲ್ಲಿ ಅದರ ಪಾತ್ರವಿಲ್ಲ. ಚೀನೀ ವೈದ್ಯರ ಬಾಯಲ್ಲಿ ಬರುವ ಪದ 'ಪೀ'. ಅದನ್ನು ಇಂಗ್ಲಿಷಿಗೆ ತಂದವರು ಗುಲ್ಮದ ಹೆಸರನ್ನೇ ಇಟ್ಟರು, ಗೊಂದಲವೂ ಅಲ್ಲಿಂದಲೇ ಬಂತು. ಅವರ ಶಾಸ್ತ್ರದಲ್ಲಿ 'ಪೀ' ಎಂದರೆ ತಿಂದದ್ದನ್ನು ಮಾರ್ಪಡಿಸಿ, ಸಾರ ತೆಗೆದು, ಮೈಗೆಲ್ಲ ಸಾಗಿಸುವ ಒಟ್ಟು ಕೆಲಸದ ಹೆಸರು. ಅದರ ಜೋಡಿ 'ವೆಯ್', ಜಠರ. ಜಠರ ಕೆಳಕ್ಕೆ ತಳ್ಳುತ್ತದೆ, 'ಪೀ' ಸಾರವನ್ನು ಮೇಲಕ್ಕೆ ಎತ್ತುತ್ತದೆ. ಜಠರಕ್ಕೆ ಒಣಗುವುದು ಆಗದು, 'ಪೀ'ಗೆ ತೇವ ಆಗದು. ಆದ್ದರಿಂದ ನಿಮ್ಮ ಸ್ಕ್ಯಾನಿಂಗ್ ವರದಿಯೂ ಸರಿ, ಆ ವೈದ್ಯರ ಮಾತೂ ಅವರ ಭಾಷೆಯಲ್ಲಿ ಸರಿ. ಗುಲ್ಮಕ್ಕೆ ಏನೋ ಆಗಿದೆ ಎಂದು ದಯವಿಟ್ಟು ಹೆದರಬೇಡಿ.

ನನಗೆ ಇದು ತಿಳಿದದ್ದು ಒಲೆಯ ಹೋಲಿಕೆಯಿಂದ. ಹೊಟ್ಟೆಯ ಈ ಭಾಗವನ್ನು ಅವರು 'ನಡುವಿನ ಒಲೆ' ಎಂಬರ್ಥದ ಪದದಿಂದ ಕರೆಯುತ್ತಾರೆ. ಜಠರ ಮಡಕೆ, ಅದರಡಿಯ ಬೆಂಕಿ ಮೈಯ ಸ್ವಂತ ಬಿಸಿ, ಮಡಕೆಯಿಂದ ಏಳುವ ಹಬೆಯೇ ಅನ್ನದ ಸಾರ. ಮಡಕೆಗೆ ಐಸ್‌ನೀರು ಸುರಿದರೆ ಮತ್ತೆ ಕುದಿಯಲು ಬೆಂಕಿ ಹೆಚ್ಚು ಬೇಕು. ಹಸಿ ತರಕಾರಿ ತುಂಬಿದರೆ ಹೊರಗೆ ಆಗಬೇಕಿದ್ದ ಬೇಯುವಿಕೆ ಒಳಗೆ ಆಗಬೇಕು. ಬೆಂಕಿ ಸಣ್ಣದಾಗಿದ್ದವನ ಮಡಕೆಯಲ್ಲಿ ಅರೆಬೆಂದದ್ದು, ನೀರುನೀರಾದದ್ದು ಉಳಿಯುತ್ತದೆ. ಅದೇ ನಿಮ್ಮ ವೈದ್ಯರು ಹೇಳಿದ ತೇವ. ಜಠರಾಗ್ನಿ ಎಂಬ ಮಾತು ಕೇಳಿ ಬೆಳೆದ ನಮಗೆ ಇದೆಲ್ಲ ಅಪರಿಚಿತ ಅನ್ನಿಸುವುದಿಲ್ಲ. ಹಾಗೆಂದು ಎರಡೂ ಶಾಸ್ತ್ರ ಒಂದೇ ಎಂದುಕೊಳ್ಳಬಾರದು. ಮೊಸರಿನ ವಿಷಯಕ್ಕೆ ಬಂದಾಗ ವ್ಯತ್ಯಾಸ ಹೇಳುತ್ತೇನೆ.

'ತೇವ' ಎಂಬ ಮಾತಿನ ತೂಕ ಗ್ವಾಂಗ್‌ಝೌನಲ್ಲಿ ಇದ್ದವರಿಗೆ ಮೈಯಿಂದಲೇ ಅರ್ಥವಾಗುತ್ತದೆ. ವಸಂತದ ಮೊದಲಿಗೆ ದಕ್ಷಿಣದಿಂದ ಬೆಚ್ಚಗಿನ ಹಸಿಗಾಳಿ ನುಗ್ಗಿ, ಇನ್ನೂ ತಣ್ಣಗಿರುವ ಗೋಡೆ ನೆಲಗಳಿಗೆ ತಾಗಿ ನೀರಾಗಿ ಇಳಿಯುತ್ತದೆ. ಕನ್ನಡಿ ಬೆವರುತ್ತದೆ, ಬಟ್ಟೆ ವಾರಗಟ್ಟಲೆ ಒಣಗುವುದಿಲ್ಲ. ಆಗುಂಬೆ ಸೀಮೆಯ ಮಳೆಗಾಲ ಕಂಡ ನನಗೂ ಅದು ಹೊಸದಾಗಿತ್ತು. ಆ ದಿನಗಳಲ್ಲಿ ಎದುರು ಮನೆಯ ಅಜ್ಜಿ ನನ್ನ ಮುಖ ನೋಡಿ ಮೊದಲು ಕೇಳುತ್ತಿದ್ದದ್ದು ಮಲ ಅಂಟುತ್ತದೆಯೇ, ಬೆಳಿಗ್ಗೆ ನಾಲಿಗೆಯ ಮೇಲೆ ದಪ್ಪ ಬಿಳಿ ಲೇಪವಿದೆಯೇ, ನಾಲಿಗೆಯ ಅಂಚಿನಲ್ಲಿ ಹಲ್ಲಿನ ಗುರುತು ಬಿದ್ದಿದೆಯೇ ಎಂದು. ಈ ಮೂರನ್ನೂ ಅವರ ವೈದ್ಯರು ತೇವದ ಲಕ್ಷಣವೆಂದು ನೋಡುತ್ತಾರೆ. ನಿಮ್ಮ ನಾಲಿಗೆಯಲ್ಲಿ ಆ ವೈದ್ಯರು ನೋಡಿದ್ದೂ ಬಹುಶಃ ಇದನ್ನೇ. ಸಿಂಗಪುರದ ಸೆಖೆ, ಕಚೇರಿಯ ಹವಾನಿಯಂತ್ರಣ, ಐಸ್ ಹಾಕಿದ ಸಿಹಿ ಪಾನೀಯ ಮೂರೂ ಸೇರಿದರೆ ಅವರು ಬೇರೆ ಮಾತು ಹೇಳುವ ಸಂಭವ ಕಡಿಮೆ.

ಅವರ ಆಹಾರಶಾಸ್ತ್ರದಲ್ಲಿ ಪ್ರತಿ ತಿನಿಸಿಗೂ ಒಂದು ಗುಣವಿದೆ: ಬಲು ತಂಪು, ತಂಪು, ಸಮ, ಬೆಚ್ಚಗೆ, ಉಷ್ಣ. ಮುಟ್ಟಿದರೆ ತಿಳಿಯುವ ಬಿಸಿಗೆ ಇದು ಸಂಬಂಧಿಸಿದ್ದಲ್ಲ. ಕುದಿಯುವ ಹೆಸರುಕಾಳಿನ ಸಾರು ತಂಪು, ತಣ್ಣಗಿರುವ ಲಿಚಿ ಹಣ್ಣು ಉಷ್ಣ. ಕಲ್ಲಂಗಡಿ, ಏಡಿ ಬಲು ತಂಪು. ಏಡಿಯನ್ನು ಶುಂಠಿಯಿಲ್ಲದೆ ಬಡಿಸುವ ಮನೆಯನ್ನು ನಾನು ಅಲ್ಲಿ ಕಾಣಲಿಲ್ಲ. ಸೊಪ್ಪನ್ನು ಹುರಿಯುವಾಗ ಶುಂಠಿಯ ಎರಡು ಹೋಳು ಎಣ್ಣೆಗೆ ಮೊದಲೇ ಬೀಳುತ್ತದೆ. "ಚಳಿಗಾಲಕ್ಕೆ ಮೂಲಂಗಿ, ಬೇಸಿಗೆಗೆ ಶುಂಠಿ" ಎಂಬ ಗಾದೆಯೇ ಇದೆ. ಬೇಸಿಗೆಯಲ್ಲಿ ಶುಂಠಿ ಏಕೆಂದರೆ, ಆಗ ಮೈಯ ಬಿಸಿ ಚರ್ಮದ ಕಡೆಗೆ ಸರಿದು ಹೊಟ್ಟೆ ಒಳಗೆ ತಣ್ಣಗಿರುತ್ತದೆ ಎಂಬುದು ಅವರ ವಿವರಣೆ. ರುಚಿಗಳ ಲೆಕ್ಕದಲ್ಲಿ 'ಪೀ'ಗೆ ಸೇರಿದ್ದು ಸಿಹಿ. ಇದನ್ನು ಕೇಳಿ ಕೇಕಿಗೆ ಅನುಮತಿ ಸಿಕ್ಕಿತು ಎಂದುಕೊಳ್ಳುವವರಿದ್ದಾರೆ. ಅನ್ನವನ್ನು ಚೆನ್ನಾಗಿ ಅಗಿದಾಗ ಬಾಯಲ್ಲಿ ಮೂಡುವ ಸಿಹಿ ಅದು. ಸಕ್ಕರೆಯ ಸಿಹಿ ತೇವವನ್ನು ಬೆಳೆಸುತ್ತದೆ ಎಂದೇ ಅವರು ಹೇಳುತ್ತಾರೆ.

ಈ ಚಿಂತನೆಗೆ ಬೇರು ಎರಡು ಸಾವಿರ ವರ್ಷ ಹಳೆಯದು. 'ಹ್ವಾಂಗ್‌ದಿ ನೆಯ್‌ಜಿಂಗ್' ಎಂಬ ಪ್ರಾಚೀನ ಗ್ರಂಥ ತಿನ್ನುವುದು ಕುಡಿಯುವುದು ಇಮ್ಮಡಿಯಾದರೆ ಕರುಳು ಜಠರಗಳಿಗೆ ಪೆಟ್ಟು ಎನ್ನುತ್ತದೆ. ಆದರೆ ಹೊಟ್ಟೆಯನ್ನು ಇಡೀ ವೈದ್ಯಕ್ಕೆ ಕೇಂದ್ರ ಮಾಡಿದವನು ಲಿ ದೊಂಗ್‌ಯುವಾನ್ (1180–1251). ಅವನ ಕಥೆಯನ್ನು ಸ್ವಲ್ಪ ನಿಂತು ಹೇಳಬೇಕು. 1232ರಲ್ಲಿ ಮಂಗೋಲ್ ಸೈನ್ಯ ಕಾಯ್‌ಫೆಂಗ್ ನಗರಕ್ಕೆ ಮುತ್ತಿಗೆ ಹಾಕಿತು. ಮುತ್ತಿಗೆ ತೆರವಾದ ಮೇಲೆ ನಗರದಲ್ಲಿ ಸಾವು ಶುರುವಾಯಿತು. ನಗರದ ಹನ್ನೆರಡು ಬಾಗಿಲುಗಳಲ್ಲಿ ಒಂದೊಂದರಿಂದಲೂ ದಿನಕ್ಕೆ ಸಾವಿರದಿಂದ ಎರಡು ಸಾವಿರ ಹೆಣಗಳು ಹೊರಗೆ ಹೋದವು, ಹೀಗೆ ಸುಮಾರು ಮೂರು ತಿಂಗಳು ನಡೆಯಿತು ಎಂದು ಅವನು ಬರೆದಿದ್ದಾನೆ. ಉಳಿದ ವೈದ್ಯರು ಇದನ್ನು ಹೊರಗಿನ ಶೀತಗಾಳಿಯ ಜ್ವರವೆಂದು ನೋಡಿ ಬೆವರಿಸುವ, ಭೇದಿ ಮಾಡಿಸುವ ಮದ್ದು ಕೊಟ್ಟರು. ರೋಗಿಗಳು ಇನ್ನೂ ಬೇಗ ಸತ್ತರು. ಲಿ ಕಂಡದ್ದು ಬೇರೆ. ತಿಂಗಳುಗಟ್ಟಲೆ ಬೆಳಿಗ್ಗೆ ಹಸಿವು, ಸಂಜೆ ಸಿಕ್ಕಷ್ಟು ಊಟ, ದುಡಿತ, ಭಯ, ನಿದ್ದೆಯಿಲ್ಲದ ರಾತ್ರಿ. ಹೊಟ್ಟೆಯ ಶಕ್ತಿ ಬತ್ತಿಹೋದ ಜನ, ಮುತ್ತಿಗೆ ಮುಗಿದೊಡನೆ ಒಮ್ಮೆಲೇ ಹೊಟ್ಟೆತುಂಬ ತಿಂದರು. ಅದು ಸಾಂಕ್ರಾಮಿಕ ರೋಗವಾಗಿದ್ದಿರಬೇಕು ಎಂದು ಇಂದಿನ ಕೆಲವರು ವಾದಿಸುತ್ತಾರೆ, ಅದರಲ್ಲಿ ಹುರುಳಿರಬಹುದು. ಆದರೂ ಹಸಿದು ಸೋತ ದೇಹಕ್ಕೆ ಒಮ್ಮೆಲೇ ತುಂಬುವುದು ಅಪಾಯ ಎಂಬುದನ್ನು ಇಂದಿನ ಆಸ್ಪತ್ರೆಗಳೂ ಪಾಲಿಸುತ್ತವೆ. ಲಿ 1249ರಲ್ಲಿ ಬರೆದ 'ಪೀ ವೆಯ್ ಲುನ್' ಗ್ರಂಥದ ಹಿಂದೆ ಈ ಮೂರು ತಿಂಗಳಿವೆ. ನಿಮ್ಮ ವೈದ್ಯರು ಏನು ತಿನ್ನುತ್ತೀರಿ ಎಂಬುದರ ಜೊತೆಗೆ ಎಷ್ಟು ಹೊತ್ತಿಗೆ ತಿನ್ನುತ್ತೀರಿ, ಯಾವ ಚಿಂತೆಯಲ್ಲಿ ತಿನ್ನುತ್ತೀರಿ ಎಂದು ಕೇಳಿದ್ದರೆ ಅದು ಈ ಪರಂಪರೆಯ ಪ್ರಶ್ನೆ. ಅತಿಯಾದ ಯೋಚನೆ 'ಪೀ'ಯನ್ನು ಕೆಡಿಸುತ್ತದೆ ಎಂಬುದು ಅವರ ಹಳೆಯ ಮಾತು. ಕಂಪ್ಯೂಟರ್ ಮುಂದೆ ಕುಳಿತು, ಮಿಂಚಂಚೆ ಓದುತ್ತ ಹತ್ತು ನಿಮಿಷದಲ್ಲಿ ಊಟ ಮುಗಿಸುತ್ತಿದ್ದ ನನಗೆ ಅದೊಂದನ್ನು ನಿಲ್ಲಿಸಿದ್ದರಿಂದಲೇ ಅರ್ಧ ಉಬ್ಬರ ಇಳಿಯಿತು.

ಈಗ ನಿಮ್ಮ ಮೂರು ನಿಷೇಧಗಳಿಗೆ ಬರೋಣ.

ತಣ್ಣೀರು: ಚೀನೀಯರು ಬಿಸಿನೀರು ಕುಡಿಯುವುದಕ್ಕೆ ವೈದ್ಯಶಾಸ್ತ್ರವೊಂದೇ ಕಾರಣವಲ್ಲ. ಜನರ ನಿತ್ಯದ ಅಭ್ಯಾಸಗಳನ್ನು ತಿದ್ದಲು ಅಲ್ಲಿನ ಸರ್ಕಾರ 1934ರಲ್ಲಿ ಶುರುಮಾಡಿದ ನವಜೀವನ ಚಳವಳಿ, 1952ರಲ್ಲಿ ಆರಂಭವಾದ ನೈರ್ಮಲ್ಯ ಅಭಿಯಾನ ಎರಡೂ ರೋಗಾಣುಗಳ ಭಯದಿಂದ ಕಾಯಿಸಿದ ನೀರನ್ನು ಪ್ರಚಾರ ಮಾಡಿದವು. ಹೊಟ್ಟೆಗೆ ಹೋದ ತಣ್ಣೀರು ಸ್ವಲ್ಪ ಹೊತ್ತಿನಲ್ಲೇ ಮೈಬಿಸಿಗೆ ಬರುತ್ತದೆ, ಆರೋಗ್ಯವಂತರಿಗೆ ಅದರಿಂದ ಹಾನಿಯಿಲ್ಲ. ಆದರೆ ಸೂಕ್ಷ್ಮ ಹೊಟ್ಟೆಯವರಿಗೆ ಐಸ್ ಪಾನೀಯ ನೋವು, ಸೆಳೆತ ತರುವುದುಂಟು. ಊಟದ ಜೊತೆ ಐಸ್ ಬಿಟ್ಟು ನೋಡಿ, ಇದಕ್ಕೆ ಖರ್ಚೂ ಇಲ್ಲ, ಅಪಾಯವೂ ಇಲ್ಲ.

ಹಸಿ ತರಕಾರಿ: ಬೇಯಿಸಿ ತಿನ್ನಿ, ಅಷ್ಟೇ. ಕೋಸಂಬರಿಯನ್ನು ಜೀವನಪೂರ್ತಿ ಬಿಡುವ ಅಗತ್ಯ ನನಗೆ ಕಂಡಿಲ್ಲ. ಹೊಟ್ಟೆ ಸುಧಾರಿಸಿದ ಮೇಲೆ ಮಧ್ಯಾಹ್ನದ ಊಟಕ್ಕೆ ಎರಡು ಚಮಚ ಮರಳಿ ಬಂದರೆ ಸಾಕು.

ಮೊಸರು: ಇಲ್ಲಿ ನನಗೆ ಸ್ವಂತ ಅಭಿಪ್ರಾಯವಿದೆ. ಹಾಲು ತೇವ ತರುತ್ತದೆ ಎಂಬ ಮಾತು ಬಲವಾಗಿರುವುದು ದೊಡ್ಡವರಾದ ಮೇಲೆ ಹಾಲಿನ ಸಕ್ಕರೆ ಅರಗದ ಜನ ಹೆಚ್ಚಾಗಿರುವ ನಾಡಿನಲ್ಲಿ. ಅದೇ ಚೀನಾದಲ್ಲಿ ಮಂಗೋಲರ ಆಳ್ವಿಕೆಯಿದ್ದಾಗ, 1330ರಲ್ಲಿ, ಆಸ್ಥಾನದ ಆಹಾರತಜ್ಞ ಹು ಸಿಹುಯಿ ಬರೆದ ಪಥ್ಯಗ್ರಂಥದಲ್ಲಿ ಬೆಣ್ಣೆ, ತುಪ್ಪದಂಥ ಪದಾರ್ಥಗಳಿಗೆ ಗೌರವದ ಜಾಗವಿದೆ. ಹೀಗಾಗಿ ಮೊಸರು ಎಲ್ಲರಿಗೂ ವರ್ಜ್ಯ ಎಂಬುದು ಆ ಶಾಸ್ತ್ರದ ಕೊನೆಯ ಮಾತಲ್ಲ. ಹೆಪ್ಪುಗಟ್ಟಿದ ಮೊಸರಿನಲ್ಲಿ ಹಾಲಿನ ಸಕ್ಕರೆ ಕಡಿಮೆ, ನಾವು ಚಿಕ್ಕಂದಿನಿಂದ ಉಂಡವರು ಬೇರೆ. ಚೀನೀ ವೈದ್ಯರು ಮೊಸರನ್ನು ತಂಪಿನ ಕಡೆಗೆ ಎಣಿಸಿದರೆ ಆಯುರ್ವೇದ ಅದನ್ನು ಉಷ್ಣವೆನ್ನುತ್ತದೆ. ರಾತ್ರಿ ಮೊಸರು ಬೇಡ ಎಂದೂ ಆಯುರ್ವೇದ ಹೇಳುತ್ತದೆ. ನಾನು ಮಾಡಿದ್ದು ಇಷ್ಟು: ಮೂರು ವಾರ ಪೂರ್ತಿ ಬಿಟ್ಟೆ. ಆಮೇಲೆ ಫ್ರಿಜ್ಜಿನ ಮೊಸರಿನ ಬದಲು, ಹೊರಗಿಟ್ಟು ಕಡೆದ ತೆಳು ಮಜ್ಜಿಗೆಗೆ ಶುಂಠಿ, ಜೀರಿಗೆ ಹಾಕಿ ಮಧ್ಯಾಹ್ನ ಮಾತ್ರ ತೆಗೆದುಕೊಂಡೆ. ನನಗೆ ಅದು ಒಗ್ಗಿತು. ನಿಮಗೆ ಉಬ್ಬರ ಮರಳಿದರೆ ಹಾಲಿನ ಸಕ್ಕರೆ ಅರಗದಿರುವ ತೊಂದರೆಯ ಪರೀಕ್ಷೆಯನ್ನು ಮಾಡಿಸಿ, ಅದು ಸುಲಭ.

ಬಿಡುವುದರ ಪಟ್ಟಿ ಕೊಟ್ಟವರು ತಿನ್ನುವುದನ್ನು ಹೇಳಲಿಲ್ಲ ಎಂದು ಬರೆದಿದ್ದೀರಿ. ಉತ್ತರ ಚೀನಾದಲ್ಲಿ ಹೊಟ್ಟೆ ಕೆಟ್ಟವರಿಗೆ, ಬಾಣಂತಿಯರಿಗೆ ಮೊದಲು ಕೊಡುವುದು 'ಶಿಯಾವ್‌ಮಿ' ಗಂಜಿ. ಶಿಯಾವ್‌ಮಿ ಎಂದರೆ ನಮ್ಮ ನವಣೆ. ಮೊದಲ ಸಲ ಅಂಗಡಿಯಲ್ಲಿ ಆ ಹಳದಿ ಕಾಳನ್ನು ಕೈಗೆ ತೆಗೆದುಕೊಂಡಾಗ ನನ್ನ ಕಣ್ಣು ತುಂಬಿತ್ತು. ಅಜ್ಜನ ಮನೆಯ ಕಣಜದ ಕಾಳು ಅದು. ಹಾಂಗ್‌ಕಾಂಗ್, ಸಿಂಗಪುರದ ಹೋಟೆಲುಗಳ ಇಂಗ್ಲಿಷ್ ಫಲಕದಲ್ಲಿ ನೀವು ನೋಡುವ 'ಕಾಂಜಿ' ಪದವೂ ನಮ್ಮ ದ್ರಾವಿಡ ಗಂಜಿಯೇ, ತಮಿಳಿನಿಂದ ಪೋರ್ಚುಗೀಸರ ಬಾಯಿಗೆ ಹೋಗಿ ಇಂಗ್ಲಿಷಿಗೆ ಬಂದದ್ದು. ಒಂದು ಅಳತೆ ನವಣೆಗೆ ಹತ್ತು ಅಳತೆ ನೀರು, ಸಣ್ಣ ಉರಿ, ಮುಕ್ಕಾಲು ಗಂಟೆ. ಮೇಲೆ ಕಟ್ಟುವ ದಪ್ಪ ತಿಳಿಯನ್ನು ಅವರು ಗಂಜಿಯ ಸಾರವೆಂದು ಮೊದಲು ಕುಡಿಸುತ್ತಾರೆ. ಅದಕ್ಕೆ ಎರಡು ಕೆಂಪು ಹಣ್ಣು ಹಾಕುವುದುಂಟು. ಖರ್ಜೂರವೆಂದು ಮಾರಿದರೂ ಅದು ನಮ್ಮ ಎಲಚಿಯ ಬಳಗದ್ದು. ಗ್ವಾಂಗ್‌ಝೌ ಇರುವ ಗ್ವಾಂಗ್‌ಡಾಂಗ್ ಪ್ರಾಂತ್ಯದವರು ಅಕ್ಕಿಗಂಜಿಗೆ ವರ್ಷಗಟ್ಟಲೆ ಒಣಗಿಸಿಟ್ಟ ಕಿತ್ತಳೆ ಸಿಪ್ಪೆಯ ಚೂರು ಹಾಕುತ್ತಾರೆ. ಶಿನ್‌ಹುಯಿ ಎಂಬ ಊರಿನ ಸಿಪ್ಪೆ ಹಳೆಯದಾದಷ್ಟೂ ದುಬಾರಿ. ಹೊಟ್ಟೆ ಬಿಗಿದಾಗ ಅದರ ಕಹಿಮಿಶ್ರಿತ ಘಮ ನನಗೆ ನಿಜಕ್ಕೂ ಹಿತ ತಂದಿದೆ. ಬೆಳಗಿನ ಗಂಜಿಯನ್ನು ಒಂಬತ್ತು ಗಂಟೆಯೊಳಗೆ ಕುಡಿಯಿರಿ. ಏಳರಿಂದ ಒಂಬತ್ತು ಜಠರದ ಹೊತ್ತು ಎನ್ನುವ ಅವರ ಲೆಕ್ಕವನ್ನು ನಂಬದಿದ್ದರೂ, ಬೆಳಗಿನ ಉಪವಾಸ ಮತ್ತು ರಾತ್ರಿ ಹತ್ತರ ಭರ್ಜರಿ ಊಟ ಉಬ್ಬರದವರಿಗೆ ಒಗ್ಗುವುದಿಲ್ಲ.

ಊಟದ ಸಲಹೆಗೆ ನಾನು ಕೊಡುವ ನಂಬಿಕೆಯನ್ನು ಮದ್ದಿನ ಪೊಟ್ಟಣಕ್ಕೆ ಅಷ್ಟು ಸುಲಭವಾಗಿ ಕೊಡಲಾರೆ. ಐಬಿಎಸ್ ಎನ್ನುವ ಕರುಳಿನ ತೊಂದರೆಯಿದ್ದ 116 ಜನರ ಮೇಲೆ ಆಸ್ಟ್ರೇಲಿಯಾದಲ್ಲಿ ನಡೆದು 1998ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಚೀನೀ ಗಿಡಮೂಲಿಕೆ ಪಡೆದವರು ಹುಸಿಮದ್ದು ಪಡೆದವರಿಗಿಂತ ಹೆಚ್ಚು ಸುಧಾರಿಸಿದರು ಎಂಬುದು ನಿಜ. ಆದರೆ 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ, ತೂಕ ಇಳಿಸುವ ಗುಳಿಗೆಯಲ್ಲಿ ಒಂದು ಚೀನೀ ಬೇರಿನ ಬದಲು ಇನ್ನೊಂದು ಬೇರು ಸೇರಿ ಎಷ್ಟೋ ಮಹಿಳೆಯರ ಮೂತ್ರಪಿಂಡ ಕೆಟ್ಟದ್ದೂ ನಿಜ. ಅವರ ಬಹಳಷ್ಟು ಕಷಾಯಗಳಲ್ಲಿರುವ ಜ್ಯೇಷ್ಠಮಧು ಅತಿಯಾದರೆ ರಕ್ತದೊತ್ತಡ ಏರುತ್ತದೆ. ಆದ್ದರಿಂದ ಪೊಟ್ಟಣದಲ್ಲಿರುವ ಪ್ರತಿಯೊಂದರ ಹೆಸರನ್ನೂ ಬರೆಸಿಕೊಳ್ಳಿ, ನೀವು ಈಗಾಗಲೇ ನುಂಗುತ್ತಿರುವ ಮಾತ್ರೆಗಳ ಪಟ್ಟಿಯನ್ನು ಅವರಿಗೆ ತೋರಿಸಿ. ಅಂತರ್ಜಾಲದಲ್ಲಿ ಸಿಗುವ 'ತೇವ ಕಳೆಯುವ' ಪುಡಿಗಳನ್ನು ಮುಟ್ಟಬೇಡಿ.

ಕಾರಣವಿಲ್ಲದೆ ತೂಕ ಇಳಿದರೆ, ಮಲದಲ್ಲಿ ರಕ್ತ ಕಂಡರೆ, ನುಂಗಲು ಕಷ್ಟವಾದರೆ, ರಾತ್ರಿ ನಿದ್ದೆಯಿಂದ ಎಬ್ಬಿಸುವಷ್ಟು ನೋವು ಬಂದರೆ ಗಂಜಿಯನ್ನು ನಂಬಿ ಕೂರದೆ ಹೊಟ್ಟೆಯ ತಜ್ಞರ ಬಳಿ ಅದೇ ವಾರ ಹೋಗಿ. ಅದೇನೂ ಇಲ್ಲವೆಂದಾದರೆ ಮೂರು ವಾರ ಬಿಸಿಯಾದ, ಬೆಂದ, ಹೊತ್ತಿಗೆ ಸರಿಯಾದ ಊಟ ಮಾಡಿ, ಹೊಟ್ಟೆ ಇನ್ನೂ ಸ್ವಲ್ಪ ಖಾಲಿ ಇರುವಾಗಲೇ ಎದ್ದು, ದಿನವೂ ಏನು ತಿಂದಿರಿ, ಹೇಗಾಯಿತು ಎಂದು ಒಂದು ಸಾಲು ಬರೆದಿಡಿ. ಆ ಪುಸ್ತಕವನ್ನು ಹಿಡಿದುಕೊಂಡೇ ಎರಡನೆಯ ಸಲ ಆ ವೈದ್ಯರ ಬಳಿ ಹೋಗಿ. ಸಿಂಗಪುರದಲ್ಲಿ ನವಣೆ ಲಿಟ್ಲ್ ಇಂಡಿಯಾದ ಅಂಗಡಿಗಳಲ್ಲಿ ಸಿಗದಿದ್ದರೆ ಚೀನೀ ಧಾನ್ಯದ ಅಂಗಡಿಯಲ್ಲಿ 'ಶಿಯಾವ್‌ಮಿ' ಎಂದು ಕೇಳಿ.