ಹೊಲಿಸದೇ ಉಳಿದ ಶರ್ಟ್ ಪೀಸ್‌ಗಳು

ಐವತ್ತು ದಾಟಿದ ಗಂಡಸರನ್ನು ಹೆಂಡತಿಯರು ನನ್ನ ಹತ್ತಿರ ಕೌನ್ಸೆಲಿಂಗ್‌ಗೆ ಕರೆದುಕೊಂಡು ಬಂದಾಗ ಒಂದು ದೂರು ಮತ್ತೆ ಮತ್ತೆ ಕೇಳುತ್ತೇನೆ. "ಇವರು ನೆಟ್ಟಗೆ ಬಟ್ಟೆ ಹಾಕ್ಕೊಳ್ಳಲ್ಲ ಮೇಡಂ. ಹೊಸದು ತಗೊಳ್ಳಿ ಅಂದ್ರೆ ಸಿಟ್ಟು ಬರುತ್ತೆ." ಇದೂ ಒಂದು ಸಮಸ್ಯೆಯಾ ಅಂತ ನಿಮಗೆ ಅನ್ನಿಸಬಹುದು. ಮೊದಮೊದಲು ನನಗೂ ಹಾಗೇ ಅನ್ನಿಸುತ್ತಿತ್ತು. ಈ ಒಬ್ಬರನ್ನು ನೋಡಿದ ಮೇಲೆ ಅನ್ನಿಸುವುದಿಲ್ಲ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಅವರಿಗೆ 53 ವರ್ಷ, ಮೈಸೂರಿನ ಒಂದು ಕಚೇರಿಯಲ್ಲಿ ಗುಮಾಸ್ತರು. ಎರಡು ವರ್ಷದ ಹಿಂದೆ ಸಕ್ಕರೆ ಕಾಯಿಲೆ ಗೊತ್ತಾಯಿತು. ಅನ್ನ ಕಡಿಮೆ ಮಾಡಿದರು. ಬೆಳಿಗ್ಗೆ ಎದ್ದು ಕುಕ್ಕರಹಳ್ಳಿ ಕೆರೆ ಸುತ್ತಿದರು. 86 ಕೆಜಿ ಇದ್ದವರು 70ಕ್ಕೆ ಇಳಿದರು. ಮೂರು ತಿಂಗಳ ಸಕ್ಕರೆಯ ಲೆಕ್ಕ ಹೇಳುವ ಎಚ್‌ಬಿಎ1ಸಿ 9.4ರಿಂದ 6.7ಕ್ಕೆ ಬಂತು. ಡಾಕ್ಟರಿಗೆ ಖುಷಿಯೋ ಖುಷಿ.

ಆದರೆ ಬಟ್ಟೆ ಮಾತ್ರ 86 ಕೆಜಿಯ ಕಾಲದ್ದೇ. ಅದರೊಳಗೆ ಅವರು ಕಾಯಿಲೆಯವರ ಹಾಗೆ ಕಾಣುತ್ತಿದ್ದರು. ಕೆರೆ ಹತ್ತಿರ ಸಿಕ್ಕವರೆಲ್ಲ ಒಂದೇ ಮಾತು: "ಏನ್ರೀ, ಹೀಗೆ ಇಳಿದುಹೋಗಿದ್ದೀರಾ? ಹುಷಾರಿಲ್ವಾ?" ಕೆರೆಗೆ ಹೋಗುವುದು ನಿಂತಿತು. ಮನೆ ಮಹಡಿಯ ಮೇಲೇ ನಡೆಯತೊಡಗಿದರು. ಆಮೇಲೆ ಮದುವೆ, ಗೃಹಪ್ರವೇಶಗಳಿಗೆ ಹೋಗುವುದೂ ನಿಂತಿತು. ಮಗ ಹುಟ್ಟುಹಬ್ಬಕ್ಕೆ ಆನ್‌ಲೈನ್‌ನಲ್ಲಿ ಟೀ ಶರ್ಟು, ಸ್ನೀಕರ್ಸ್ ತರಿಸಿಕೊಟ್ಟರೆ ಡಬ್ಬ ಕೂಡ ಬಿಚ್ಚಲಿಲ್ಲವಂತೆ.

ಮೊದಲ ಎರಡು ಭೇಟಿಯಲ್ಲಿ ನಾನು ಆತ್ಮವಿಶ್ವಾಸದ ಬಗ್ಗೆ ಮಾತಾಡಿದೆ. ಜನರ ಮಾತಿಗೆ ಹೇಗೆ ಉತ್ತರ ಕೊಡಬೇಕು ಅಂತ ಹೇಳಿಕೊಟ್ಟೆ. ಅವರು ತಲೆಯಾಡಿಸಿ ಹೋದರು. ಆ ಎರಡು ಗಂಟೆ ನೆನಪಾದರೆ ಈಗಲೂ ಬೇಜಾರಾಗುತ್ತದೆ. ಕೇಳಬೇಕಾದ ಪ್ರಶ್ನೆ ನನ್ನ ಎದುರಿನ ಕುರ್ಚಿಯಲ್ಲೇ ಕೂತಿತ್ತು.

ಮೂರನೇ ಸಲ ಒಬ್ಬರೇ ಬಂದರು. ಮೇಲಿನ ಕಿಟಕಿ ಹಾಕಲು ಕೈ ಎತ್ತಿದಾಗ ಶರ್ಟು ಮೇಲೆ ಸರಿದು ಬೆಲ್ಟ್ ಕಾಣಿಸಿತು. ಕಂಪನಿ ಕೊಟ್ಟ ತೂತುಗಳ ಆಚೆ ಇನ್ನೂ ನಾಲ್ಕು ತೂತುಗಳಿದ್ದವು. ಕಾಯಿಸಿದ ಮೊಳೆಯಿಂದ ಮಾಡಿದ್ದು. ಒಂದೊಂದರ ಸುತ್ತಲೂ ಚರ್ಮ ಕರಕಲಾಗಿತ್ತು. ಬೆಲ್ಟಿನ ತುದಿ ಸೊಂಟ ಸುತ್ತಿ ಹೆಚ್ಚುಕಡಿಮೆ ಬೆನ್ನಿನವರೆಗೆ ಹೋಗಿತ್ತು. ಪ್ಯಾಂಟು ಮುಂದೆ ಸೀರೆಯ ನೆರಿಗೆಯ ಹಾಗೆ ಮಡಚಿಕೊಂಡಿತ್ತು.

"ಇದನ್ನ ಯಾರು ಮಾಡಿದ್ದು?" ಅಂದೆ.

"ನಾನೇ. ತೂಕ ಇಳಿದ ಹಾಗೆಲ್ಲ ಒಂದೊಂದು."

"ಹೊಸ ಬೆಲ್ಟ್ ತಗೋಬಹುದಿತ್ತಲ್ವಾ?"

"ದುಡ್ಡಿನ ಮಾತಲ್ಲ ಮೇಡಂ."

ಸ್ವಲ್ಪ ಹೊತ್ತು ಮಾತಿಲ್ಲ. ನಾನೂ ಸುಮ್ಮನಿದ್ದೆ.

"ನಮ್ಮಪ್ಪ ಹೋದಾಗ 56. ಅವರಿಗೂ ಇದೇ ಕಾಯಿಲೆ. ಅವರೂ ಹೀಗೇ ಇಳಿದುಹೋಗಿದ್ರು. ಇನ್ನು ಮೂರು ವರ್ಷಕ್ಕೆ ಯಾಕೆ ಹೊಸ ಬಟ್ಟೆ? ಮಗಳ ಮದುವೆಗೆ ಒಂದು ಜೊತೆ ಹೊಲಿಸಿದ್ರೆ ಸಾಕು."

ದನಿಯಲ್ಲಿ ಅಳು ಇರಲಿಲ್ಲ. ತಿಂಗಳ ಖರ್ಚಿನ ಲೆಕ್ಕ ಹೇಳುವ ಹಾಗೆ ಹೇಳಿದರು. ಮನೆಯಲ್ಲಿ ಯಾರಿಗೂ ಈ ಲೆಕ್ಕ ಗೊತ್ತಿರಲಿಲ್ಲ.

ಇಂಥ ಹೊತ್ತಲ್ಲಿ ಸುತ್ತಿಬಳಸಿ ಮಾತಾಡಬಾರದು. ನೇರವಾಗಿ ಕೇಳಿದೆ: "ಸಾಯಬೇಕು ಅನ್ನಿಸುತ್ತಾ? ನಿಮಗೆ ನೀವೇ ಏನಾದರೂ ಮಾಡ್ಕೊಳ್ಳೋ ಯೋಚನೆ ಬಂದಿದೆಯಾ?" ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕುತ್ತದೆ ಅಂತ ಜನ ಹೆದರುತ್ತಾರೆ. ಹಾಗಾಗುವುದಿಲ್ಲ. ಅವರು "ಛೇ, ಇಲ್ಲ. ಕಾಯ್ತಾ ಇದ್ದೀನಿ ಅಷ್ಟೇ" ಅಂದರು. ಆದರೂ ಒಬ್ಬ ಮನೋವೈದ್ಯರ ಹತ್ತಿರ ಒಮ್ಮೆ ಕಳಿಸಿದೆ. ಅವರು ಸದ್ಯಕ್ಕೆ ಔಷಧಿ ಬೇಡ, ಭೇಟಿ ಬಿಡಬೇಡಿ ಅಂದರು. ರಾತ್ರಿ ಮನಸ್ಸು ತೀರಾ ಕೆಟ್ಟರೆ ಇರಲಿ ಅಂತ ಟೆಲಿ ಮನಸ್‌ನ 14416 ನಂಬರನ್ನು ಅವರ ಫೋನಿನಲ್ಲಿ ನಾನೇ ಸೇವ್ ಮಾಡಿಕೊಟ್ಟೆ. 2022ರಲ್ಲಿ ಶುರುವಾದ ಸರ್ಕಾರದ ಉಚಿತ ಸೇವೆ ಅದು, ಕನ್ನಡದಲ್ಲೇ ಮಾತಾಡಬಹುದು. ಅಪ್ಪನ ವಿಷಯವನ್ನು ಸಕ್ಕರೆಯ ಡಾಕ್ಟರಿಗೂ ಹೇಳಿ ಅಂದೆ. ಆ ಡಾಕ್ಟರು ಹೇಳಿದ ಒಂದು ಮಾತು ನನ್ನ ಹತ್ತು ಮಾತಿಗಿಂತ ಜಾಸ್ತಿ ಕೆಲಸ ಮಾಡಿತು: "ನಿಮ್ಮಪ್ಪ ಇಳಿದದ್ದು ಸಕ್ಕರೆ ಏರಿ. ನೀವು ಇಳಿದದ್ದು ಸಕ್ಕರೆ ಇಳಿಸಿ."

ಇಷ್ಟಾದ ಮೇಲೇ ನಾನು ಬಟ್ಟೆಯ ಮಾತೆತ್ತಿದ್ದು. ಇದನ್ನು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ನನ್ನ ಸಹೋದ್ಯೋಗಿಯೊಬ್ಬರು "ಸಾವಿನ ಭಯಕ್ಕೆ ಟೈಲರ್ ಅಂಗಡಿ ತೋರಿಸಿದ್ರಾ?" ಅಂದಿದ್ದರು. ಹೌದು, ತೋರಿಸಿದೆ. ಭಯದ ಬಗ್ಗೆ ಮಾತಾಡುತ್ತಲೇ ತೋರಿಸಿದೆ. ಬರೀ ಮಾತಿನಿಂದ ಆ ಲೆಕ್ಕ ಅಳಿಸುವುದಿಲ್ಲ. ಮುಂದಿನ ದೀಪಾವಳಿಗೂ ನಾನಿರುತ್ತೇನೆ ಅಂತ ಕೈಯಾರೆ ಏನಾದರೂ ಮಾಡಬೇಕು. 'ಊಟ ತನ್ನಿಚ್ಛೆ, ನೋಟ ಪರರಿಚ್ಛೆ' ಅಂತ ಗಾದೆ ಇದೆ. ನಾನು ಒಪ್ಪುವುದಿಲ್ಲ. ಮೈಗೆ ಸರಿಯಾಗಿ ಕೂರುವ ಶರ್ಟು ಮೊದಲು ತೊಟ್ಟವನಿಗೇ ಏನೋ ಹೇಳುತ್ತದೆ.

ಅವರ ಮನೆಯ ಬೀರುವಿನಲ್ಲಿ ಮದುವೆ, ಉಪನಯನಗಳಲ್ಲಿ ಬಂದ ಶರ್ಟ್ ಪೀಸ್, ಪ್ಯಾಂಟ್ ಪೀಸ್ ರಾಶಿ ಇತ್ತು. ನಿಮ್ಮ ಮನೆಯಲ್ಲೂ ಇರಬಹುದು, ಅಲ್ವಾ? ಹೆಂಡತಿ ಎಣಿಸಿದರು, 14. ನಾನು ಹೇಳಿದ್ದು ಇಷ್ಟು. ಅದರಲ್ಲಿ ನಿಮಗೆ ಇಷ್ಟವಾದ ಬಣ್ಣದ ಒಂದು ಶರ್ಟ್ ಪೀಸ್, ಒಂದು ಪ್ಯಾಂಟ್ ಪೀಸ್ ತೆಗೆಯಿರಿ. ಹಳೇ ಅಳತೆ ಬಟ್ಟೆ ಒಯ್ಯಬೇಡಿ. ಹೆಂಡತಿ, ಮಗ ಜೊತೆಗೆ ಬೇಡ. ಟೈಲರ್ ಹತ್ತಿರ ಹೋಗಿ ನಿಂತು, ಇವತ್ತಿನ ಮೈಗೆ ಟೇಪ್ ಹಿಡಿಸಿಕೊಳ್ಳಿ. ಭುಜದ ಹೊಲಿಗೆ ಭುಜದ ಮೂಳೆ ಮುಗಿಯುವಲ್ಲೇ ನಿಲ್ಲಬೇಕು. ಕಾಲರ್ ಗುಂಡಿ ಹಾಕಿದರೆ ಎರಡು ಬೆರಳು ಆಡುವಷ್ಟು ಜಾಗ ಸಾಕು.

ಹಳೇ ಬಟ್ಟೆಯನ್ನೆಲ್ಲ ಎಸೆಯಬೇಕಿಲ್ಲ. ಶರ್ಟಿನ ಪಕ್ಕ ಹಿಡಿಸಬಹುದು. ಭುಜವೇ ಜಾರಿದ್ದರೆ ಅದರ ಆಸೆ ಬಿಡಿ. ಪ್ಯಾಂಟಿನ ಸೊಂಟ ಎರಡು ಇಂಚಿನವರೆಗೆ ಹಿಡಿಸಬಹುದು. ಅದಕ್ಕಿಂತ ಜಾಸ್ತಿ ಹಿಡಿಸಿದರೆ ಹಿಂದಿನ ಎರಡು ಜೇಬು ಹತ್ತಿರ ಬಂದು ಅಸಹ್ಯವಾಗುತ್ತದೆ. ಸಕ್ಕರೆ ಇರುವವರು ಚಪ್ಪಲಿ, ಬೂಟಿನಲ್ಲಿ ಶೋಕಿಗಿಂತ ಕಾಲು ನೋಡಬೇಕು. ಕಾಲು ಸ್ವಲ್ಪ ಊದಿರುವ ಸಂಜೆ ಹೊತ್ತಲ್ಲಿ ಕೊಳ್ಳಿ, ಬೆರಳು ಒತ್ತಬಾರದು, ಹಾಕುವ ಮುಂಚೆ ಒಳಗೆ ಕೈಯಾಡಿಸಿ.

ಮನೆಯವರಿಗೆ ನನ್ನದೊಂದು ಬೇಡಿಕೆ. "ಹೀಗಿದ್ರೆ ಯಾರು ನೋಡ್ತಾರೆ" ಅಂತ ರೇಗಿಸಬೇಡಿ. ಹೇಳದೆ ಕೇಳದೆ ಹೊಸ ಬಟ್ಟೆ ತಂದು ಸುರಿಯಬೇಡಿ. ತನಗಾಗಿ ಏನೂ ಕೊಳ್ಳದೆ ಇರುವುದು ಯಾವಾಗಿಂದ ಶುರುವಾಯಿತು ಅಂತ ನೆನಪು ಮಾಡಿಕೊಳ್ಳಿ. ಮೊದಲಿಂದಲೂ ಸರಳವಾಗಿದ್ದವರ ಮಾತು ಬೇರೆ. ಹಬ್ಬಕ್ಕೆ ಹೊಸ ಬಟ್ಟೆ ಹೊಲಿಸುತ್ತಿದ್ದವರು ಇದ್ದಕ್ಕಿದ್ದ ಹಾಗೆ ನಿಲ್ಲಿಸಿದ್ದರೆ ಪಕ್ಕದಲ್ಲಿ ಕೂತು ಕಾರಣ ಕೇಳಿ. ಏನೂ ಮಾಡದೆ ತೂಕ ಇಳಿಯುತ್ತಿದ್ದರೆ ಮೊದಲು ಡಾಕ್ಟರ್ ಹತ್ತಿರ ಹೋಗಿ.

ಅವರು ಈಗಲೂ ಎಲ್ಲ ಸಮಾರಂಭಕ್ಕೆ ಹೋಗುವುದಿಲ್ಲ. ಕೆರೆಗೆ ಮತ್ತೆ ಹೋಗುತ್ತಿದ್ದಾರೆ. ಟೀ ಶರ್ಟಿನ ಡಬ್ಬ ಹಾಗೇ ಇದೆ, ಇರಲಿ. ಐದನೇ ಭೇಟಿಗೆ ತಿಳಿ ನೀಲಿ ಶರ್ಟು ಹಾಕಿಕೊಂಡು ಬಂದರು. ತೋಳಿನ ಗುಂಡಿ ಹಾಕಿದ್ದರು. ಟೈಲರ್ ಏನಂದ ಅಂತ ಕೇಳಿದೆ.

"ಪ್ಯಾಂಟಿಗೆ ಒಳಗೆ ಬಟ್ಟೆ ಬಿಡಲಾ ಸಾರ್, ಮುಂದೆ ದಪ್ಪ ಆದ್ರೆ ಬಿಚ್ಚಿಸ್ಕೋಬಹುದು ಅಂದ."

"ನೀವೇನಂದ್ರಿ?"

"ಒಂದು ನಿಮಿಷ ಏನೂ ಹೊಳೀಲಿಲ್ಲ ಮೇಡಂ. ಆಮೇಲೆ, ಎರಡು ಇಂಚು ಬಿಡಪ್ಪ ಅಂದೆ."