ಕಥೆ ಗೊತ್ತಿದ್ದರೂ ಪ್ರತಿ ಕ್ರಿಸ್‌ಮಸ್‌ಗೆ ಅದೇ ಪುಸ್ತಕ ಯಾಕೆ?

ಹಬ್ಬ ಬಂದಾಗಲೆಲ್ಲ ಒಂದೇ ಕಾದಂಬರಿ ಓದುವವರಿದ್ದೀರಾ, ಕಥೆ ಪೂರ್ತಿ ಗೊತ್ತಿದ್ದ ಮೇಲೆ ಅದರಲ್ಲಿ ಏನು ಸಿಗುತ್ತದೆ ಅಂತ ಕೇಳಿದ್ದೀರಿ. ನಾನು ಓದುತ್ತೇನೆ. ಬೀದರ್‌ನವನು, ಕ್ರಿಸ್‌ಮಸ್ ನಮ್ಮ ಮನೆಯ ದೊಡ್ಡ ಹಬ್ಬ. ಪುಸ್ತಕ ಚಾರ್ಲ್ಸ್ ಡಿಕನ್ಸ್ ಬರೆದ ‘ಎ ಕ್ರಿಸ್‌ಮಸ್ ಕ್ಯಾರಲ್’.

1843ರ ಡಿಸೆಂಬರ್ 19ರಂದು ಲಂಡನ್ನಿನಲ್ಲಿ ಹೊರಬಂದ ಚಿಕ್ಕ ಪುಸ್ತಕ ಇದು. ಮೊದಲು ಅಚ್ಚಾದ 6,000 ಪ್ರತಿಗಳು ಹಬ್ಬದ ಹಿಂದಿನ ದಿನಕ್ಕೇ ಖಾಲಿಯಾದವು. ಸ್ಕ್ರೂಜ್ ಎಂಬ ಜಿಪುಣ ಮುದುಕ. ಸತ್ತುಹೋದ ಪಾಲುದಾರ ಮಾರ್ಲಿ ದೆವ್ವವಾಗಿ ಬಂದು ಎಚ್ಚರಿಸುತ್ತಾನೆ. ಆಮೇಲೆ ಮೂರು ಆತ್ಮಗಳು ಬಂದು ಹಿಂದಿನದು, ಈಗಿನದು, ಮುಂದಿನದು ತೋರಿಸುತ್ತವೆ. ಬೆಳಗಾಗುವಷ್ಟರಲ್ಲಿ ಮುದುಕ ಬೇರೆಯೇ ಮನುಷ್ಯ.

ಹುಡುಗನಾಗಿದ್ದಾಗ ನನಗೆ ದೆವ್ವಗಳೇ ಬೇಕಿದ್ದವು. ಮಾರ್ಲಿ ಎಳೆದುಕೊಂಡು ಬರುವ ಸರಪಳಿ, ಅದಕ್ಕೆ ಅಂಟಿಕೊಂಡ ಹಣದ ಪೆಟ್ಟಿಗೆ, ಬೀಗ, ಲೆಕ್ಕದ ಪುಸ್ತಕಗಳು! ಈಗ ನಾನು ಗಾಂಧಿ ಗಂಜ್‌ನ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಹಾಗಾಗಿ ಕಣ್ಣು ಸ್ಕ್ರೂಜ್‌ನ ಗುಮಾಸ್ತ ಬಾಬ್ ಕ್ರ್ಯಾಚಿಟ್ ಮೇಲೆ ಹೋಗುತ್ತದೆ. ವಾರಕ್ಕೆ 15 ಶಿಲಿಂಗ್ ಸಂಬಳ. ಚಳಿಗೆ ಹಾಕುವ ಬೆಂಕಿಯ ಕಲ್ಲಿದ್ದಲ ಡಬ್ಬ ಇರೋದು ಧಣಿಯ ಕೋಣೆಯಲ್ಲಿ. ಒಳಗೆ ಹೋದರೆ ಕೆಲಸ ಹೋಗುವ ಮಾತು. ಪಾಪ, ಮಫ್ಲರ್ ಸುತ್ತಿಕೊಂಡು ಮೇಣದಬತ್ತಿಯಲ್ಲಿ ಮೈ ಕಾಯಿಸಿಕೊಳ್ಳಲು ನೋಡುತ್ತಾನೆ. ಬೀದರ್‌ನ ಡಿಸೆಂಬರ್ ಥಂಡಿಯಲ್ಲಿ ಬೆಳಿಗ್ಗೆ ಪೆನ್ನು ಹಿಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕೊನೆಯಲ್ಲಿ ಬದಲಾದ ಸ್ಕ್ರೂಜ್ ಸಂಬಳ ಏರಿಸುತ್ತಾನೆ. ಅಷ್ಟೇ ಅಲ್ಲ, ಇನ್ನೊಂದು ಅಕ್ಷರ ಬರೆಯುವ ಮೊದಲು ಬೆಂಕಿ ಜೋರು ಮಾಡು, ಹೋಗಿ ಮತ್ತೊಂದು ಕಲ್ಲಿದ್ದಲ ಡಬ್ಬ ಕೊಂಡು ತಾ ಅನ್ನುತ್ತಾನೆ. ಮೊದಲ ಸಲ ಓದುವಾಗ ಮುಂದೇನು ಅನ್ನೋ ಅವಸರ ಇರುತ್ತದೆ ಅಲ್ವಾ, ಶುರುವಿನ ಕಲ್ಲಿದ್ದಲು ನೆನಪಿರೋದಿಲ್ಲ. ಕಥೆ ಗೊತ್ತಿದ್ದವನಿಗೆ ಆ ಅವಸರ ಇಲ್ಲ. ಮೊದಲ ಪುಟಗಳ ಚಳಿಗೆ ಕೊನೆಯ ಪುಟ ಉತ್ತರ ಕೊಟ್ಟಿದ್ದು ಅವನಿಗೆ ಕಾಣುತ್ತದೆ. ನನ್ನ ಮಟ್ಟಿಗೆ ಇಡೀ ಪುಸ್ತಕದ ಜೀವ ಅಲ್ಲಿದೆ.

ಡಿಕನ್ಸ್‌ನ ಬಾಲ್ಯದ ಬಗ್ಗೆ ತಿಳಿದ ಮೇಲೆ ಇನ್ನೊಂದು ಪುಟವೂ ಬದಲಾಯಿತು. ಅವನಿಗೆ 12 ವರ್ಷವಾದಾಗ ಅಪ್ಪ ಸಾಲಕ್ಕಾಗಿ ಜೈಲು ಸೇರಿದ್ದ, ಹುಡುಗ ಬೂಟ್ ಪಾಲಿಶ್ ಕಾರ್ಖಾನೆಯಲ್ಲಿ ದುಡಿದ. ರಜೆಯಲ್ಲಿ ಎಲ್ಲರೂ ಊರಿಗೆ ಹೋದ ಮೇಲೆ ಪುಟ್ಟ ಸ್ಕ್ರೂಜ್ ಶಾಲೆಯಲ್ಲಿ ಒಬ್ಬನೇ ಕೂತಿರುವ ಭಾಗ ಬಂದಾಗ ಈಗ ಓದು ತಾನಾಗಿ ನಿಧಾನವಾಗುತ್ತದೆ.

ಪುಸ್ತಕದಲ್ಲಿ ಐದು ಭಾಗ ಇವೆ. ರಾತ್ರಿ ರೊಟ್ಟಿ ಊಟ ಆದ ಮೇಲೆ ದಿನಕ್ಕೊಂದು ಭಾಗ ಮಗಳಿಗೆ ನಮ್ಮ ಮಾತಿನಲ್ಲೇ ಹೇಳುತ್ತಾ ಓದುತ್ತೇನೆ. ಬಾಬ್‌ನ ಕಾಯಿಲೆಯ ಮಗ ಟೈನಿ ಟಿಮ್ ವಿಷಯ ಬಂದಾಗ, "ಅಪ್ಪಾ, ಅವ ಸಾಯಂಗಿಲ್ಲಲ್ಲಾ?" ಅಂತ ಪ್ರತಿ ವರ್ಷ ಕೇಳುತ್ತಾಳೆ. ಉತ್ತರ ಅವಳಿಗೆ ಗೊತ್ತು. ಡಿಕನ್ಸ್ ಕೂಡ 1853ರಿಂದ ಇದನ್ನು ಜನರ ಮುಂದೆ ನಿಂತು ಗಟ್ಟಿಯಾಗಿ ಓದುತ್ತಿದ್ದ, ಕಥೆ ಗೊತ್ತಿದ್ದವರೂ ಕೇಳಲು ಬರುತ್ತಿದ್ದರು.

ನಿಮ್ಮ ಹಬ್ಬ ದೀಪಾವಳಿಯೋ ರಂಜಾನೋ, ಯಾವುದೇ ಇರಲಿ, ಶುರು ಮಾಡುವುದಾದರೆ ಚಿಕ್ಕ ಪುಸ್ತಕ ಆರಿಸಿಕೊಳ್ಳಿ. ದಪ್ಪನೆಯದು ಹಬ್ಬದ ಕೆಲಸದ ನಡುವೆ ಅರ್ಧಕ್ಕೇ ನಿಂತುಬಿಡುತ್ತದೆ. ಮನೆಯಲ್ಲಿ ಒಬ್ಬರಾದರೂ ಕೇಳುವವರಿದ್ದರೆ ಗಟ್ಟಿಯಾಗಿ ಓದಿ.