ಮಿ.ಮೀ. ನಕ್ಷೆಯ ಅಳತೆಯನ್ನು ಇಂಚಿನ ಟೇಪಿನಲ್ಲಿ ಗುರುತು ಹಾಕುವುದು ಹೇಗೆ?

ಕಪಾಟಿನ ನಕ್ಷೆ ಮಿ.ಮೀ.ನಲ್ಲಿದೆ, ಕೈಯಲ್ಲಿರುವುದು ಇಂಚಿನ ಟೇಪು, 437 ಮಿ.ಮೀ. ಎಲ್ಲಿ ಬರುತ್ತದೆ ಎಂದು ಕೇಳಿದ್ದೀರಿ.

ಒಂದು ಇಂಚು ಎಂದರೆ 25.4 ಮಿ.ಮೀ., ಆದ್ದರಿಂದ 437 ಅನ್ನು 25.4ರಿಂದ ಭಾಗಿಸಿ: 17.205. ಪೂರ್ಣ ಇಂಚು 17. ಟೇಪಿನಲ್ಲಿ ಒಂದು ಇಂಚಿಗೆ ಹದಿನಾರು ಭಾಗ, ಹಾಗಾಗಿ ಉಳಿದ 0.205 ಅನ್ನು 16ರಿಂದ ಗುಣಿಸಿದರೆ 3.28, ಅಂದರೆ ಹದಿನಾರರ ಗೆರೆಗಳಲ್ಲಿ ಮೂರನೆಯದು. ಗುರುತು 17 ಇಂಚು ಮತ್ತು 3/16. ಅದು 436.56 ಮಿ.ಮೀ., ಅರ್ಧ ಮಿ.ಮೀ.ಗಿಂತ ಕಡಿಮೆ ವ್ಯತ್ಯಾಸ. ಮರದ ಕೆಲಸಕ್ಕೆ ಸಾಕು. ಸುಲಭವೆಂದು 25ರಿಂದ ಭಾಗಿಸಬೇಡಿ, ಇದೇ ಹಲಗೆ 7 ಮಿ.ಮೀ. ಉದ್ದವಾಗಿಬಿಡುತ್ತದೆ. ದಶಾಂಶದ 0.2 ಅನ್ನು ಟೇಪಿನ ಎರಡನೇ ಗೆರೆ ಎಂದು ಓದುವುದೂ ಸಾಮಾನ್ಯ ತಪ್ಪು. ಎರಡು ಪಕ್ಕಗಳ ನಡುವೆ ಕೂರಬೇಕಾದ ಹಲಗೆಯಾದರೆ ಲೆಕ್ಕಕ್ಕಿಂತ ಕಡಿಮೆ ಅಳತೆಯ ಗೆರೆಯನ್ನೇ ಹಿಡಿಯಿರಿ. ಉದ್ದ ಹೆಚ್ಚಾದ ಹಲಗೆ ಒಳಗೆ ಹೋಗುವುದಿಲ್ಲ.

ನಿಜವಾಗಿ ಕೆಲಸ ಕೆಡುವುದು ಒಂದೇ ಅಳತೆಯನ್ನು ಮತ್ತೆ ಮತ್ತೆ ಹಾಕುವಾಗ. 218 ಮಿ.ಮೀ.ನ ಐದು ಅಂತರ ಬೇಕು ಅಂದುಕೊಳ್ಳಿ. 218 ಎಂದರೆ ಸುಮಾರು 8 ಇಂಚು 9/16. ಇದನ್ನೇ ಐದು ಸಲ ಮುಂದಕ್ಕೆ ಹಾಕಿದರೆ ಪ್ರತಿ ಸಲ ಅರ್ಧ ಮಿ.ಮೀ. ಕಳೆದು, ಕೊನೆಯ ಗುರುತು ಎರಡೂವರೆ ಮಿ.ಮೀ. ಹಿಂದೆ ಬೀಳುತ್ತದೆ. ಬದಲಿಗೆ 218, 436, 654, 872, 1090 ಎಂದು ಮೊದಲು ಮಿ.ಮೀ.ನಲ್ಲೇ ಕೂಡಿಸಿಕೊಂಡು, ಒಂದೊಂದನ್ನೂ ಬೇರೆಯಾಗಿ ಇಂಚಿಗೆ ಬದಲಿಸಿ, ಎಲ್ಲವನ್ನೂ ಒಂದೇ ತುದಿಯಿಂದ ಅಳೆಯಿರಿ. ಆಗ 1090 ಮಿ.ಮೀ. 42 ಇಂಚು 15/16ಕ್ಕೆ ಬರುತ್ತದೆ, ವ್ಯತ್ಯಾಸ 0.6 ಮಿ.ಮೀ. ಮಾತ್ರ. ಕೂಡಿ ಕಳೆಯುವುದೆಲ್ಲ ಮಿ.ಮೀ.ನಲ್ಲೇ ಮುಗಿಯಲಿ.

ಬೋಲ್ಟು, ಡ್ರಿಲ್ ಬಿಟ್, ಪ್ಲೈವುಡ್‌ಗಳ ಅಳತೆಯನ್ನು ಮಾತ್ರ ಹೀಗೆ ಬದಲಿಸಲೇಬೇಡಿ. 5/16 ಇಂಚಿನ ಬಿಟ್ ಕೊರೆಯುವ ತೂತು 7.94 ಮಿ.ಮೀ., 8 ಮಿ.ಮೀ. ಸರಳು ಅದರಲ್ಲಿ ಸಿಕ್ಕಿಕೊಳ್ಳುತ್ತದೆ. 18 ಮಿ.ಮೀ. ಪ್ಲೈವುಡ್‌ಗೆ ಮುಕ್ಕಾಲು ಇಂಚಿನ ತೋಡು ಕೊರೆದರೆ ಒಂದು ಮಿ.ಮೀ. ಸಡಿಲ. ಎಂ8 (8 ಮಿ.ಮೀ.) ಬೋಲ್ಟಿನ ಮರೆಗಳ, ಅಂದರೆ ತಿರುಪಿನ ಸುತ್ತುಗಳ, ಅಂತರ 1.25 ಮಿ.ಮೀ., 5/16 ಇಂಚಿನ ಸಾಮಾನ್ಯ ನಟ್ಟಿನದು 1.41, ಒಂದೆರಡು ಸುತ್ತು ಹೋಗಿ ಬಿಗಿಯುತ್ತದೆ, ಬಲ ಹಾಕಿದರೆ ಮರೆ ಹರಿಯುತ್ತದೆ. ಇವನ್ನು ನಕ್ಷೆಯಲ್ಲಿರುವ ಮಿ.ಮೀ. ಅಳತೆಯಲ್ಲೇ ಕೊಳ್ಳಿ. ಮುಂದೆಯೂ ಇಂಥ ನಕ್ಷೆಗಳನ್ನೇ ಬಳಸುವುದಾದರೆ ಮಿ.ಮೀ. ಟೇಪನ್ನೇ ಕೊಳ್ಳಿ.